ಠಾಣೆಯಿಂದ ಬರಿಗೈಲಿ ಮರಳಬೇಡಿ

ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಹಿರಿಯರಿಗೆ, ತಾಯಂದಿರಿಗೆ, ದ್ರಾಕ್ಷಿ-ಕಬ್ಬು ಬೆಳೆಯುವ ರೈತ ಬಾಂಧವರಿಗೆ, ದುಡಿದು ಉಣ್ಣುವ ಎಲ್ಲ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಈ ಪತ್ರ.

ಪೊಲೀಸ್ ಠಾಣೆಗೆ ಬರುವ ದೂರುಗಳೆಲ್ಲ ಒಂದೇ ಬಗೆಯವಲ್ಲ. ಕಾನೂನು ಅವುಗಳನ್ನು ಮೂರು ದಾರಿಗೆ ಹಚ್ಚುತ್ತದೆ. ಕೊಲೆ, ದರೋಡೆ, ಮನೆಗಳವು, ವಂಚಿಸಿ ಹಣ-ಮಾಲು ಎತ್ತುವಂಥ ಸಂಜ್ಞೇಯ ಅಪರಾಧವಾದರೆ, ಅಂದರೆ ನ್ಯಾಯಾಲಯದ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಾದ ಅಪರಾಧವಾದರೆ, ಎಫ್‌ಐಆರ್. ಬೈಗುಳ, ಬೆದರಿಕೆ, ಕೈಯಿಂದ ಹೊಡೆದ ಸಣ್ಣ ಏಟಿನಂಥ ಅಸಂಜ್ಞೇಯ ಅಪರಾಧವಾದರೆ ಎನ್‌ಸಿಆರ್. ಅಪರಾಧವೇ ಇಲ್ಲದ ಹೊಲದ ಬದುವಿನ ತಕರಾರು, ಕೈಗಡದ ಬಾಕಿ ಇಂಥವು ಕಂದಾಯ ಇಲಾಖೆಗೋ ಸಿವಿಲ್ ನ್ಯಾಯಾಲಯಕ್ಕೋ ಸೇರಿದವು. ಮೂರರಲ್ಲಿ ಯಾವ ದಾರಿಯೇ ಆಗಲಿ, ದೂರು ಹೇಳಲು ಹೋದವರು ಕೈಯಲ್ಲಿ ಒಂದು ಕಾಗದ ಹಿಡಿದು ಮರಳಬೇಕು. ಅದು ಎಫ್‌ಐಆರ್ ಪ್ರತಿಯಾಗಿರಬಹುದು, ಎನ್‌ಸಿಆರ್ ಪ್ರತಿಯಾಗಿರಬಹುದು, ಅರ್ಜಿ ಸ್ವೀಕರಿಸಿದ್ದಕ್ಕೆ ಕೊಟ್ಟ ಸ್ವೀಕೃತಿಯಾಗಿರಬಹುದು. ದಶಕಗಳ ಕಾಲ ಖಾಕಿ ತೊಟ್ಟು ನಿವೃತ್ತನಾದ ಈ ಪತ್ರದ ಬರಹಗಾರನನ್ನು ಸಂತೆಯಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ತಡೆದು ನಿಲ್ಲಿಸಿ ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಾಹೇಬ್ರ, ಹೋಗಿ ಹೇಳಿ ಬಂದೀವಿ, ಬರ್ಕೊಂಡಾರ, ಮುಂದ ಏನೂ ಆಗಿಲ್ಲ. ಏನ್ ಮಾಡೂಣು?" ಬರೆದುಕೊಂಡ ಕಾಗದದ ಪ್ರತಿ ಎಲ್ಲಿ ಎಂದು ಕೇಳಿದರೆ ಕೈ ಖಾಲಿ.

ಮೊದಲಿಗೆ ಕಾಯ್ದೆಯ ಹೆಸರುಗಳು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿವೆ. ಜನರ ಬಾಯಲ್ಲಿ ಇನ್ನೂ 302, 420, 498ಎ ಎಂಬ ಹಳೆಯ ಕಲಮುಗಳೇ ಇವೆ. ಈಗ ಕೊಲೆಗೆ 103, ವಂಚನೆಗೆ 318, ಹೆಂಡತಿಗೆ ಕೊಡುವ ಹಿಂಸೆಗೆ 85. ದೂರು ಕೊಡುವವರಿಗೆ ಕಲಮು ಗೊತ್ತಿರಬೇಕಾಗಿಲ್ಲ. ನಡೆದದ್ದನ್ನು ನಡೆದಂತೆ ಹೇಳುವುದು ಅವರ ಕೆಲಸ, ಕಲಮು ಹಾಕುವುದು ಪೊಲೀಸರ ಕೆಲಸ.

ಮೊದಲ ದಾರಿ ಎಫ್‌ಐಆರ್. ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ದೂರನ್ನು ಬಾಯಿಮಾತಿನಲ್ಲಿ ಹೇಳಬಹುದು. ಠಾಣಾಧಿಕಾರಿ ಅದನ್ನು ಬರೆದು, ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. ಟೈಪ್ ಮಾಡಿಸಿದ ಅರ್ಜಿ ಬೇಕೇ ಬೇಕು ಎಂಬ ನಿಯಮ ಎಲ್ಲೂ ಇಲ್ಲ. ಇ-ಮೇಲ್ ಮೊದಲಾದ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಕಳಿಸಿದರೆ ಮೂರು ದಿನದೊಳಗೆ ಬಂದು ಸಹಿ ಹಾಕಬೇಕು. ದಾಖಲಾದ ಎಫ್‌ಐಆರ್‌ನ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳ ದೂರನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಹೊಸ ಸಂಹಿತೆ ಇದಕ್ಕೊಂದು ಸಡಿಲಿಕೆ ತಂದಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಡಿವೈಎಸ್‌ಪಿ ಅನುಮತಿ ಪಡೆದು, ಹದಿನಾಲ್ಕು ದಿನದೊಳಗೆ ಮುಗಿಯುವ ಪ್ರಾಥಮಿಕ ವಿಚಾರಣೆ ಮಾಡಬಹುದು. "ಎಂಕ್ವೈರಿ ನಡೆದೈತಿ" ಎಂಬ ಮಾತು ತಿಂಗಳುಗಟ್ಟಲೆ ಎಳೆದರೆ ಈ ಹದಿನಾಲ್ಕು ದಿನವನ್ನು ವಿನಯದಿಂದ ನೆನಪಿಸಬಹುದು.

"ಇದು ನಮ್ಮ ಹದ್ದಿನಾಗ ಬರೂದಿಲ್ಲ" ಎಂಬ ಉತ್ತರಕ್ಕೂ ಈಗ ಜಾಗವಿಲ್ಲ. ತಿಕೋಟಾದ ರೈತ ಒಣದ್ರಾಕ್ಷಿ ಹೇರಿಕೊಂಡು ಸಾಂಗ್ಲಿ ಕಡೆಗೆ ಹೊರಟಾಗ ಗಡಿಯಾಚೆ ಲೂಟಿಯಾದರೆ, ಊರಿಗೆ ಮರಳಿ ತನ್ನ ಠಾಣೆಯಲ್ಲೇ ದೂರು ಕೊಡಬಹುದು. ಅಪರಾಧ ಎಲ್ಲಿ ನಡೆದರೂ ಯಾವ ಠಾಣೆಯಾದರೂ ದಾಖಲಿಸಿ, ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಶೂನ್ಯ ಎಫ್‌ಐಆರ್ ಎಂದರೆ ಇದೇ. ಮಹಾರಾಷ್ಟ್ರದ ಜೊತೆ ದಿನನಿತ್ಯ ವ್ಯವಹಾರ ಇಟ್ಟುಕೊಂಡ ಈ ಭಾಗದ ಜನರಿಗೆ ಹೊಸ ಕಾಯ್ದೆಯಲ್ಲಿ ಇದಕ್ಕಿಂತ ಉಪಯೋಗದ ಅಂಶ ಇನ್ನೊಂದಿಲ್ಲ.

ಯಾರಾದರೂ ಕಾಣೆಯಾದರೆ ಇಪ್ಪತ್ನಾಲ್ಕು ತಾಸು ಕಾಯಬೇಕೆಂಬುದು ಸುಳ್ಳು. ಅಂಥ ಕಾನೂನು ಎಂದೂ ಇರಲಿಲ್ಲ. ಮಗು ಕಾಣೆಯಾದರೆ ಕೂಡಲೇ ಎಫ್‌ಐಆರ್ ಮಾಡಬೇಕೆಂದು 2013ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಕೈತಪ್ಪಿದ ಮಗುವಿನ ವಿಷಯದಲ್ಲಿ ಮೊದಲ ಅರ್ಧ ತಾಸಿಗೆ ಇರುವ ಬೆಲೆ ಆಮೇಲಿನ ಇಡೀ ದಿನಕ್ಕಿಲ್ಲ.

ಎರಡನೆಯ ದಾರಿ ಎನ್‌ಸಿಆರ್. ಓಣಿಯ ಜಗಳದಲ್ಲಿ ಬೈದಾಟ, ಕೈಕೈ ಮಿಲಾಯಿಸುವುದು ಇವು ಬಹುಮಟ್ಟಿಗೆ ಅಸಂಜ್ಞೇಯ. ನ್ಯಾಯಾಲಯದ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅದೇ ಜಗಳದಲ್ಲಿ ಕುಡಗೋಲು, ಕೊಡಲಿ ಬಂದರೆ ಅಥವಾ ಮೂಳೆ ಮುರಿದರೆ ಅದು ಸಂಜ್ಞೇಯವಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಜಾತಿಯ ಕಾರಣಕ್ಕೆ ಸಾರ್ವಜನಿಕವಾಗಿ ನಡೆದ ನಿಂದನೆಯೂ ಸಂಜ್ಞೇಯ. ಅಲ್ಲಿ ಪ್ರಾಥಮಿಕ ವಿಚಾರಣೆಯ ನೆಪಕ್ಕೂ ಅವಕಾಶವಿಲ್ಲ. ಎನ್‌ಸಿಆರ್ ಆಯಿತೆಂದು ಬೇಸರ ಬೇಡ. ನಾಳೆ ಅದೇ ವ್ಯಕ್ತಿ ದೊಡ್ಡ ಅನಾಹುತ ಮಾಡಿದರೆ, ಹಿಂದಿನ ಎನ್‌ಸಿಆರ್ ಅವನ ನಡತೆಗೆ ಕನ್ನಡಿ ಹಿಡಿಯುತ್ತದೆ. ಪೆಟ್ಟಾದವರು ಠಾಣೆಗಿಂತ ಮೊದಲು ಆಸ್ಪತ್ರೆಗೆ ಹೋಗಬೇಕು. ವೈದ್ಯರು ಎಂಎಲ್‌ಸಿ, ಅಂದರೆ ಗಾಯದ ವೈದ್ಯಕೀಯ-ಕಾನೂನು ದಾಖಲೆ ಬರೆದು ಠಾಣೆಗೆ ತಿಳಿಸುತ್ತಾರೆ. ಗಾಯ ಮಾಯುತ್ತದೆ, ಎಂಎಲ್‌ಸಿ ಉಳಿಯುತ್ತದೆ.

ದೂರು ಹೇಗಿರಬೇಕು ಎಂಬುದು ಈ ಪತ್ರದ ಬಹುಮುಖ್ಯ ಮಾತು. ಬರಹಗಾರ ಸೇವೆಯಲ್ಲಿದ್ದಾಗ ಡೋಣಿ ನದಿ ಸೀಮೆಯ ಒಬ್ಬ ರೈತ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಠಾಣೆಗೆ ಬಂದಿದ್ದರು. ಬದುವಿನ ಮೇಲಿನ ಜಾಲಿಗಿಡ ಕಡಿದ ವಿಷಯಕ್ಕೆ ಪಕ್ಕದ ಹೊಲದವನು ಕೊಡಲಿಯ ಕಾವಿನಿಂದ ಹೊಡೆದಿದ್ದ. ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ ಟೈಪ್ ಮಾಡಿದ ಅರ್ಜಿಯನ್ನು ಅವರು ಮೇಜಿನ ಮೇಲಿಟ್ಟರು. ಒಂದು ಅಂಚಿಗೆ ಅರಿಶಿನ ಹತ್ತಿತ್ತು. ಅದರಲ್ಲಿ ಹನ್ನೊಂದು ಹೆಸರುಗಳಿದ್ದವು. ಹೊಡೆದವನು, ಅವನ ಹೆಂಡತಿ, ತಾಯಿ, ಅಣ್ಣತಮ್ಮಂದಿರು, ಪುಣೆಯಲ್ಲಿ ದುಡಿಯುತ್ತಿದ್ದ ಮಗ ಕೂಡ. "ಇವರೆಲ್ಲಾ ಇದ್ರೇನ್ರಿ?" ಎಂದು ಕೇಳಿದಾಗ ಅವರು ತಲೆ ತಗ್ಗಿಸಿ, "ಬರಿಯಾಂವ ಹಾಕಂದ್ರಿ, ಜೋರಾಗಿ ಆಗತೈತಿ ಅಂದ್ರಿ" ಎಂದರು. ಹೆಸರು ಕಡಿಮೆ ಮಾಡಲು ಹೇಳಿದರೆ ಪೊಲೀಸರು ಎದುರಾಳಿ ಕಡೆ ಸೇರಿದ್ದಾರೆ ಎಂದುಕೊಂಡರು. ಅರ್ಜಿ ಇದ್ದಂತೆಯೇ ಎಫ್‌ಐಆರ್ ಆಯಿತು. ವಿಚಾರಣೆಯಲ್ಲಿ ಆ ಹುಡುಗ ಅಂದು ಪುಣೆಯ ಕಾರ್ಖಾನೆಯಲ್ಲಿ ಹಾಜರಿದ್ದ ದಾಖಲೆ ಬಂತು. ಒಂದು ಹೆಸರು ಸುಳ್ಳಾದ ಮೇಲೆ ಉಳಿದ ಹತ್ತರ ಮೇಲೂ ಸಂಶಯ ಕವಿಯಿತು. ನಿಜವಾಗಿ ಹೊಡೆದವನೂ ಖುಲಾಸೆಯಾಗಿ ಹೊರಬಂದ. ನ್ಯಾಯಾಲಯದ ಆವರಣದ ಬೇವಿನ ಗಿಡದ ಕೆಳಗೆ ಆ ರೈತ ತಲೆಯ ಮೇಲಿನ ಹಳೆಯ ಗಾಯದ ಕಲೆಯನ್ನು ಮುಟ್ಟಿಕೊಳ್ಳುತ್ತಾ ನಿಂತದ್ದನ್ನು ಮರೆಯಲಾಗದು.

ಆದ್ದರಿಂದ ಕೈಮುಗಿದು ಕೇಳುವುದಿಷ್ಟು: ಹೊಡೆದವನ ಹೆಸರು ಬರೆಸಿ, ಅವನ ಮನೆತನದ ಹೆಸರನ್ನೆಲ್ಲ ಬರೆಸಬೇಡಿ. ಎಷ್ಟು ಗಂಟೆಗೆ, ಎಲ್ಲಿ, ಯಾವುದರಿಂದ, ಯಾರು ನೋಡಿದರು ಎಂಬುದನ್ನು ನಿಮ್ಮ ಮಾತಿನಲ್ಲೇ ಹೇಳಿ. ತಡವಾಗಿ ಬಂದಿದ್ದರೆ ತಡವೇಕಾಯಿತು ಎಂಬುದನ್ನೂ ಸೇರಿಸಿ.

ಮೂರನೆಯ ದಾರಿಯಲ್ಲಿ ಜನ ಬಹಳ ದಣಿಯುತ್ತಾರೆ. ಬದುವಿನ ತಕರಾರಿಗೆ ಮದ್ದು ಹದ್ದುಬಸ್ತು. ಭೂಮಾಪನ ಇಲಾಖೆಗೆ ಅರ್ಜಿ ಹಾಕಿ ಅಳತೆ ಮಾಡಿಸಬೇಕು. ಫೌಜದಾರರಿಗೆ ಸರಪಳಿ ಹಿಡಿದು ಹೊಲ ಅಳೆಯುವ ಅಧಿಕಾರವಿಲ್ಲ. ಇಬ್ಬರೂ ಬಡಿದಾಡುವ ಲಕ್ಷಣ ಕಂಡರೆ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳಲು ತಾಲ್ಲೂಕು ದಂಡಾಧಿಕಾರಿಗಳಾದ ತಹಶೀಲ್ದಾರರಿಗೆ ಪೊಲೀಸರು ವರದಿ ಕಳಿಸಬಹುದು, ಅಷ್ಟೇ. ತಿಕೋಟಾ ಮತ್ತು ಬಬಲೇಶ್ವರ ಪ್ರತ್ಯೇಕ ತಾಲ್ಲೂಕುಗಳಾದ ಮೇಲೆ ಈ ಕೆಲಸಕ್ಕೆ ವಿಜಯಪುರದವರೆಗೆ ಅಲೆಯುವುದು ತಪ್ಪಿದೆ.

ದ್ರಾಕ್ಷಿ ಬೆಳೆಗಾರರ ಪ್ರಶ್ನೆ ಇದಕ್ಕಿಂತ ತೊಡಕಿನದು. ವ್ಯಾಪಾರಿ ಮಾಲು ಒಯ್ದು ದುಡ್ಡು ಕೊಡಲಿಲ್ಲ. ಇದು ವಂಚನೆಯೋ ಬರೀ ಬಾಕಿಯೋ? ಒಯ್ಯುವಾಗಲೇ ಕೊಡುವ ಮನಸ್ಸಿರಲಿಲ್ಲ ಎಂಬುದು ತೋರಿದರೆ ವಂಚನೆ: ಸುಳ್ಳು ಹೆಸರು, ಇಲ್ಲದ ಅಂಗಡಿ, ಒಂದೇ ವಾರದಲ್ಲಿ ಹತ್ತು ರೈತರಿಂದ ಮಾಲು ಎತ್ತಿ ಫೋನ್ ಬಂದ್ ಮಾಡಿದ್ದು. ಮೂರು ವರ್ಷ ಸರಿಯಾಗಿ ಕೊಟ್ಟು ನಾಲ್ಕನೆಯ ವರ್ಷ ನಷ್ಟವಾಗಿ ಕೊಡಲಾಗದಿದ್ದರೆ ಅದು ಬಾಕಿ, ಸಿವಿಲ್ ದಾವೆ. ವ್ಯತ್ಯಾಸ ತೋರಿಸಬೇಕಾದದ್ದು ಕಾಗದ. ಶೆಡ್ಡಿನಲ್ಲಿ ತೂಕವಾದ ಟನ್ನುಗಟ್ಟಲೆ ಒಣದ್ರಾಕ್ಷಿಗೆ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದ ಬರೀ ತೂಕ ಮತ್ತು ಅಡ್ಡಹೆಸರು ಸಾಕ್ಷಿಯಾಗಿ ಬಂದುದನ್ನು ಈ ಬರಹಗಾರ ಕಂಡಿದ್ದಾನೆ. ತೂಕದ ಚೀಟಿಯ ಮೇಲೆ ವ್ಯಾಪಾರಿಯ ಸಹಿ, ಲಾರಿ ನಂಬರ್, ಎಪಿಎಂಸಿ ಲೈಸೆನ್ಸಿನ ಫೋಟೊ, ಮಾಲು ತುಂಬುವಾಗ ತೆಗೆದ ವಿಡಿಯೊ ಇವಿಷ್ಟಿದ್ದರೆ ತನಿಖೆಗೆ ಕಾಲು ಬಂದಂತೆ. ಚೆಕ್ ಕೊಟ್ಟು ಅದು ಮರಳಿದರೆ ದಾರಿ ಬೇರೆ. ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ಬರಹದ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನೇರವಾಗಿ ನ್ಯಾಯಾಲಯಕ್ಕೆ ದೂರು ಹಾಕಬೇಕು. ಠಾಣೆಗೆ ಅಲೆದು ಈ ದಿನಗಳನ್ನು ಕಳೆದುಕೊಂಡ ರೈತರ ಸಂಖ್ಯೆ ಸಣ್ಣದಲ್ಲ.

ಸಾಲದ ಕಾಟದ ಮಾತು ಬೇರೆ. ಮೈಕ್ರೋಫೈನಾನ್ಸ್‌ನವರು ಅಥವಾ ಬಡ್ಡಿಯವರು ಮನೆ ಮುಂದೆ ಕೂತು ಹೆಣ್ಣುಮಕ್ಕಳನ್ನು ಅವಮಾನಿಸುವುದು, ಸಾಮಾನು ಎಳೆದೊಯ್ಯುವುದು, ಗೂಂಡಾಗಳನ್ನು ಕಳಿಸುವುದು ಇವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಪ್ರತ್ಯೇಕ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡವನ್ನು ಅದು ನಿಗದಿ ಮಾಡಿತು. ಸಾಲ ಪಡೆದದ್ದು ನಿಜವಿದ್ದರೂ ಕಾಟ ಕೊಡುವ ಹಕ್ಕು ಯಾರಿಗೂ ಇಲ್ಲ. ಇಂಥ ದೂರನ್ನು ಠಾಣೆ ತೆಗೆದುಕೊಳ್ಳಲೇಬೇಕು.

ಇನ್ನು ಪೊಲೀಸರು ಕರೆದಾಗ. ಫೋನ್ ಮಾಡಿ "ಠಾಣೇಕ ಬಾ" ಎಂದರೆ ಯಾವ ಪ್ರಕರಣ, ಸಾಕ್ಷಿಯಾಗಿಯೋ ಆರೋಪಿಯಾಗಿಯೋ ಎಂದು ಕೇಳುವುದು ತಪ್ಪಲ್ಲ. ಸಾಕ್ಷಿಯಾದರೆ ಸುರಕ್ಷಾ ಸಂಹಿತೆಯ 179ನೇ ಕಲಮಿನ, ಆರೋಪಿಯಾದರೆ 35(3)ರ ಬರಹದ ನೋಟಿಸ್ ಕೊಡಬೇಕು. ಹೆಂಗಸರು, ಹದಿನೈದು ವರ್ಷದೊಳಗಿನ ಮತ್ತು ಅರವತ್ತು ಮೀರಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಸಾಕ್ಷಿ ಹೇಳಲು ಠಾಣೆಗೆ ಬರಬೇಕಾಗಿಲ್ಲ, ಪೊಲೀಸರೇ ಮನೆಗೆ ಬರಬೇಕು. ತನಿಖೆಯಲ್ಲಿ ಕೊಟ್ಟ ಹೇಳಿಕೆಗೆ ಸಾಕ್ಷಿ ಸಹಿ ಹಾಕುವಂತಿಲ್ಲ. ಹಾಕು ಎಂದರೆ ಕಾನೂನು ಒಪ್ಪುವುದಿಲ್ಲ. ಪಂಚನಾಮೆ ಬೇರೆ, ಅದಕ್ಕೆ ಪಂಚರ ಸಹಿ ಬೇಕು. ಓದಿಸಿ ಕೇಳಿ, ಕಣ್ಣೆದುರು ನಡೆದದ್ದು ಇದ್ದರೆ ಮಾತ್ರ ಸಹಿ ಹಾಕಿ.

ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣದಲ್ಲಿ ಬಂಧನ ತಾನೇ ತಾನಾಗಿ ಆಗಬೇಕಾದದ್ದಲ್ಲ. ನೋಟಿಸಿನಂತೆ ಹಾಜರಾಗುತ್ತಿದ್ದರೆ, ಬಂಧಿಸಬೇಕಾದ ಕಾರಣವನ್ನು ಅಧಿಕಾರಿ ಬರೆದಿಡಬೇಕು. ಸುಪ್ರೀಂ ಕೋರ್ಟ್‌ನ 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಇದು ಗಟ್ಟಿಯಾಗಿದೆ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಬಂಧನದ ಮೆಮೊಗೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರಾ ಅಗತ್ಯ ಬಿದ್ದರೆ ಮಹಿಳಾ ಅಧಿಕಾರಿ ಬರಹದ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ತರಬೇಕು. "ಬಂಧಿಸಿಲ್ಲ, ಸುಮ್ನ ಕೂಡಿಸ್ಯಾರ" ಎಂಬ ಸ್ಥಿತಿಯೊಂದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಮನುಷ್ಯ ಬಂಧನದಲ್ಲಿರುತ್ತಾನೆ, ಇಲ್ಲವೇ ಎದ್ದು ಮನೆಗೆ ಹೋಗಲು ಸ್ವತಂತ್ರನಿರುತ್ತಾನೆ. ಈ ಒಂದು ಮಾತನ್ನು ಪ್ರತಿ ಮನೆಯವರೂ ತಿಳಿದಿರಬೇಕೆಂಬುದು ಈ ಬರಹಗಾರನ ಆಸೆ. ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಠಾಣೆಯೊಳಗಿರುವವರ ಹಕ್ಕು ಕಾಯಲೆಂದೇ.

ಇನ್ನು ರಸ್ತೆಯ ವಿಷಯ. ಲೈಸೆನ್ಸ್, ಆರ್‌ಸಿ, ವಿಮೆ ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ದಂಡ ಕಟ್ಟಿದರೆ ರಸೀದಿ, ಕಾಗದಪತ್ರ ವಶಕ್ಕೆ ತೆಗೆದುಕೊಂಡರೆ ಸ್ವೀಕೃತಿ ಕೇಳಿ ಪಡೆಯಬೇಕು. ಹದಿನೆಂಟು ತುಂಬದ ಮಗನ ಕೈಗೆ ಬೈಕ್ ಕೊಟ್ಟ ತಂದೆಗೆ ಇಪ್ಪತ್ತೈದು ಸಾವಿರ ದಂಡ, ಮೂರು ವರ್ಷದವರೆಗೆ ಜೈಲು ಇದೆ. ಕಬ್ಬಿನ ಹಂಗಾಮಿನಲ್ಲಿ ಬಬಲೇಶ್ವರ ಭಾಗದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇರುವುದಿಲ್ಲ. ಕತ್ತಲಲ್ಲಿ ಹಿಂದಿನಿಂದ ಬೈಕ್ ಹೋಗಿ ಬಡಿಯುತ್ತದೆ. ಸಣ್ಣ ಖರ್ಚಿನ ಆ ಪಟ್ಟಿಯನ್ನು ಟ್ರ್ಯಾಕ್ಟರ್ ಮಾಲೀಕರು ಈ ಹಂಗಾಮಿನಿಂದಲೇ ಅಂಟಿಸಬೇಕೆಂದು ವಿಶೇಷವಾಗಿ ಬೇಡಿಕೊಳ್ಳಲಾಗಿದೆ. ಗಾಯಗೊಂಡವರನ್ನು ಆಸ್ಪತ್ರೆಗೆ ಒಯ್ದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆ ಇದೆ, ಹೆಸರು ಹೇಳಲು ಒತ್ತಾಯಿಸುವಂತಿಲ್ಲ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರದ ಯೋಜನೆ ಇದೆ. ಇದನ್ನು ತಿಳಿಯದೆ ಎಷ್ಟೋ ಮನೆಗಳು ಅರ್ಜಿಯನ್ನೇ ಹಾಕಿಲ್ಲ.

ಮೊಬೈಲ್ ಮೂಲಕ ದುಡ್ಡು ಹೋದರೆ ಮೊದಲ ಕೆಲಸ 1930ಕ್ಕೆ ಕರೆ, ಆಮೇಲೆ ಬ್ಯಾಂಕು, ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆ ಬೀಳಬೇಕು, ನಾಚಿಕೆಯಿಂದ ರಾತ್ರಿಯಿಡೀ ಸುಮ್ಮನಿದ್ದರೆ ತಡೆಯಲು ಏನೂ ಉಳಿಯುವುದಿಲ್ಲ. ಮದುವೆ ಕಾರ್ಡು, ಟ್ರಾಫಿಕ್ ದಂಡ ಎಂದು ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ ಫೈಲನ್ನು ಮುಟ್ಟಬೇಡಿ. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು "ಡಿಜಿಟಲ್ ಅರೆಸ್ಟ್" ಎನ್ನುವವರು ಕಳ್ಳರು, ಅಂಥ ಬಂಧನ ಭಾರತದ ಯಾವ ಕಾಯ್ದೆಯಲ್ಲೂ ಇಲ್ಲ. ಫೋನ್ ಕಳೆದರೆ ದೂರಿನ ಪ್ರತಿ ಮತ್ತು ಡಬ್ಬಿಯ ಮೇಲಿನ ಐಎಂಇಐ ಸಂಖ್ಯೆ ಹಿಡಿದು ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಬಹುದು. ಡಬ್ಬಿ ಎಸೆಯಬೇಡಿ.

ಹಿರಿಯರಿಗೆ ಒಂದು ಮಾತು. ಈ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಊರಿನ ತಂಟೆಯನ್ನು ಪೊಲೀಸ್ ಪಾಟೀಲರ ಮುಂದೆ ಬಗೆಹರಿಸುವ ರೂಢಿ ಅಂದಿನದು. ಚಾವಡಿ ಕಟ್ಟೆಯ ಮೇಲೆ ಅಣ್ಣತಮ್ಮಂದಿರನ್ನು ಕೂಡಿಸಿ ಕೈ ಹಿಡಿಸುವುದು ಇಂದಿಗೂ ಒಳ್ಳೆಯದೇ. ಆದರೆ ಕೆಲವಕ್ಕೆ ರಾಜಿ ಇಲ್ಲ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಮುಚ್ಚಿಟ್ಟರೆ ಪೋಕ್ಸೊ ಕಾಯ್ದೆಯಡಿ ಮುಚ್ಚಿಟ್ಟವರೇ ಅಪರಾಧಿಗಳು. ಅತ್ಯಾಚಾರಕ್ಕೆ ಮದುವೆ ಪರಿಹಾರವಲ್ಲ. ಜಾತಿ ದೌರ್ಜನ್ಯಕ್ಕೆ ಪಂಚಾಯತಿಯ ದಂಡ ಪರಿಹಾರವಲ್ಲ. ಬಾಲ್ಯವಿವಾಹ ಕರ್ನಾಟಕದಲ್ಲಿ ಮೂಲದಿಂದಲೇ ಅಸಿಂಧು. ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಠಾಣೆ ದೂರು ತೆಗೆದುಕೊಳ್ಳದಿದ್ದರೆ ಏನು? ಜಗಳ ಬೇಡ. ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಬೇಕು, ಕಳಿಸಿದ ರಸೀದಿಯನ್ನು ಕಾಪಾಡಬೇಕು. ಅಲ್ಲೂ ಆಗದಿದ್ದರೆ ಅಫಿಡವಿಟ್‌ನೊಡನೆ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ, ಅವರು ತನಿಖೆಗೆ ಆದೇಶಿಸಬಹುದು. ಎಫ್‌ಐಆರ್ ಆದ ಮೇಲೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು ದೂರುದಾರರಿಗೆ ತಿಳಿಸಬೇಕು. ಬಿ ರಿಪೋರ್ಟ್ ಅಥವಾ ಸಿ ರಿಪೋರ್ಟ್, ಅಂದರೆ ಆರೋಪಪಟ್ಟಿ ಇಲ್ಲದೆ ಪ್ರಕರಣ ಮುಗಿಸುವ ವರದಿ ಹಾಕಿದರೆ ನೋಟಿಸ್ ಬರುತ್ತದೆ. ಒಪ್ಪಿಗೆ ಇಲ್ಲದಿದ್ದರೆ ನ್ಯಾಯಾಲಯದಲ್ಲಿ ತಕರಾರು ಹಾಕಬಹುದು. ನೋಟಿಸನ್ನು ಗೂಡಿನಲ್ಲಿಟ್ಟು ಮರೆತರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬುದು ಹಿಂದೆ ಸರಿಯಲು ಕಾರಣವಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ವಿಜಯಪುರದ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು. ತುರ್ತಿಗೆ 112. ಈ ನಾಲ್ಕು ನಂಬರುಗಳನ್ನು, ಅಂದರೆ 112, 1930, 1098, 15100, ಶಾಲೆಗೆ ಹೋಗುವ ಮಕ್ಕಳ ಕೈಯಿಂದ ಬರೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ. ಠಾಣೆಗೆ ಹೋಗುವಾಗ ಓದಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಮರಳುವ ಮೊದಲು ಕೈಯಲ್ಲಿರುವ ಕಾಗದದ ಮೇಲೆ ಠಾಣೆಯ ಮೊಹರು, ತಾರೀಖು, ಸಂಖ್ಯೆ ಇದೆಯೇ ಎಂದು ಅವರಿಂದ ಓದಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ
ವಿಜಯಪುರ